ನನ್ನ ಮೂಳೆಗೆ ನನ್ನದೇ ಕೋಶಗಳು

ಸೀನಿದ್ದಕ್ಕೆ ಪಕ್ಕೆಲುಬು ಮುರಿಯಿತು ಅಂದರೆ ನಮ್ಮೂರು ಭೇರ್ಯದಲ್ಲಿ ಯಾರೂ ನಂಬಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಎತ್ತಿ ಎತ್ತಿ ಬೆನ್ನು ಹಿಡಿದಿದೆ ಎಂದುಕೊಂಡು ನಾನು ಒಂದು ವರ್ಷ ಬರೀ ಮುಲಾಮು ಹಚ್ಚಿದ್ದೆ. ಮೈಸೂರಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷಿಸಿದಾಗ ಮೈಲೋಮಾ ಎಂಬ ಕ್ಯಾನ್ಸರ್ ಎಂದು ತಿಳಿಯಿತು. ಸೋಂಕಿನಿಂದ ಕಾಯಬೇಕಾದ ಪ್ಲಾಸ್ಮಾ ಕೋಶಗಳೇ ಕೆಟ್ಟು, ಮಜ್ಜೆಯ ತುಂಬ ಬೆಳೆದು, ಮೂಳೆಯನ್ನು ಟೊಳ್ಳು ಮಾಡುತ್ತಿದ್ದವಂತೆ.

ಐದು ತಿಂಗಳ ಔಷಧಿಗೆ ಕಾಯಿಲೆ ತಗ್ಗಿತು. ಮುಂದೆ ಮಜ್ಜೆಯ ಕಸಿ ಎಂದರು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆ ಬಸ್ ಓಡಿಸುವ ನನ್ನ ತಮ್ಮ ಆ ಮಾತು ಕೇಳಿದವನೇ ಬೀಡಿ ಬಿಟ್ಟ. ಮಜ್ಜೆ ತಾನೇ ಕೊಡುವುದೆಂದು ದಿನಾ ಎರಡು ಮೊಟ್ಟೆ ತಿಂದ. ಇಸ್ತ್ರಿ ಅಂಗಿ ತೊಟ್ಟು ನನ್ನ ಜೊತೆ ಬಂದ. ಡಾಕ್ಟರು ನಕ್ಕು, ಈ ಕಾಯಿಲೆಗೆ ಸಾಮಾನ್ಯವಾಗಿ ರೋಗಿಯ ರಕ್ತದಿಂದಲೇ, ಹೊಸ ರಕ್ತಕಣ ಹುಟ್ಟಿಸುವ ಕಾಂಡಕೋಶ ತೆಗೆದಿಟ್ಟು, ಜೋರು ಕಿಮೋ ಕೊಟ್ಟ ಮೇಲೆ ಅವರಿಗೇ ವಾಪಸ್ ಏರಿಸುತ್ತೇವೆ ಎಂದರು.

“ಅಂಗಾರೆ ನಂದು ಬ್ಯಾಡ್ವಾ, ಸಾರ್?” ಅಂದ ತಮ್ಮ. ಮುಖ ಸಣ್ಣದಾಗಿತ್ತು.

ಕಿಮೋ ಮುಗಿದು, ನನ್ನ ಕೋಶಗಳು ಪುಟ್ಟ ಚೀಲದಲ್ಲಿ ಬಂದ ದಿನ ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. ಇವು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಸೇರುತ್ತವೆ ಎಂದು ನರ್ಸ್ ಹೇಳಿದಾಗ ಮೈ ಜುಮ್ಮೆಂದಿತು. ಕೊಳವೆಯಲ್ಲಿ ಇಳಿಯುವ ಕೆಂಪನ್ನು ಕೊನೆಯ ಹನಿಯವರೆಗೂ ನೋಡಿದೆ.

ಆಮೇಲೆ ಬಾಯಿ ತುಂಬ ಹುಣ್ಣು, ವಾಂತಿ. ಇದ್ದ ಕೂದಲೂ ಹೋಯಿತು. ಬಿಳಿ ರಕ್ತಕಣ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಬೆಳಗಾದರೆ ರಿಪೋರ್ಟಿಗೆ ಕಾಯುವುದೊಂದೇ ಕೆಲಸ. ಹನ್ನೆರಡನೆಯ ದಿನ ನರ್ಸ್ ಒಳಗೆ ಬರುವ ಮೊದಲೇ ಬಾಗಿಲ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಕಣ ಏರಿತ್ತು!

ತಮ್ಮನಿಗೆ ಫೋನ್ ಮಾಡುವ ಅವಸರದಲ್ಲಿ ಗುಂಡಿ ಮೂರು ಸಲ ತಪ್ಪಿತು. ತಮ್ಮ ಬಸ್ ಓಡಿಸುತ್ತಿದ್ದ. ಫೋನ್ ಎತ್ತಿದ್ದು ಕಂಡಕ್ಟರ್. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ ನಿಂತ ಮೇಲೆ ತಮ್ಮನ ಕೈಗೆ ಕೊಟ್ಟ. ನಾನು ಹೇಳಿದೆ.

“ನಿನ್ನವೇ ಗೆದ್ದೋ ಕಣಕ್ಕ,” ಅಂದ.

ಅವತ್ತು ಇಡೀ ಬಸ್ಸಿಗೆ ಅವನು ಟೀ ಕುಡಿಸಿದನಂತೆ. ಬಸ್ ಹತ್ತು ನಿಮಿಷ ತಡವಾಗಿ ಹೊರಟಿತಂತೆ. ಯಾರೂ ಗೊಣಗಲಿಲ್ಲ ಎಂದು ಕಂಡಕ್ಟರ್ ಹೇಳಿದ.

ಕಾಯಿಲೆ ಬೇರುಸಹಿತ ಹೋಗಿದೆ ಎಂದು ಡಾಕ್ಟರು ಹೇಳಿಲ್ಲ. ಮತ್ತೆ ಬರಬಹುದು. ಮಾತ್ರೆ ನಡೆದಿದೆ, ಆಗಾಗ ರಕ್ತ ಪರೀಕ್ಷೆಯೂ ಇದೆ. ಕಳೆದ ವಾರ ಕೆ.ಆರ್. ನಗರಕ್ಕೆ ಒಬ್ಬಳೇ ಹೋಗಿ, ಮುಂದಿನ ಹಬ್ಬಗಳಿಗೆಂದು ಎರಡು ಸೀರೆ ಆರಿಸಿದೆ. ಎರಡೂ ಗಿಳಿಹಸಿರು.