ಇಲಿಗಳು ಪಾಸಾದ ದಿನ

ಮೊನ್ನೆ ರೈಲು ಮದ್ದೂರಿನಲ್ಲಿ ನಿಂತಾಗ ಬಿಸಿ ವಡೆಯ ಈರುಳ್ಳಿ ವಾಸನೆ ಬೋಗಿಗೆಲ್ಲ ನುಗ್ಗಿತು. ಎದುರುಮನೆ ಅಕ್ಕ ನೆನಪಾದರು...

ಮಳವಳ್ಳಿ ಕಡೆಯವರು. ಮಂಡ್ಯದಲ್ಲಿ ನನ್ನ ತವರಿನ ಎದುರಿಗಿದ್ದುಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದರು. ನಾಯಿಕೆಮ್ಮಿನ ಜೀವಂತ ಬ್ಯಾಕ್ಟೀರಿಯಾದ ವಿಷ ಮಾತ್ರ ಇಲ್ಲವಾಗಿಸಿ, ಅದನ್ನು ಲಸಿಕೆಯಾಗಿ ಇಲಿಗಳ ಮೂಗಿಗೆ ಬಿಡುವ ಕೆಲಸ. ಚಿಕ್ಕಂದಿನಲ್ಲಿ ಅದೇ ಕೆಮ್ಮು ಅವರನ್ನು ಸಾವಿನ ಬಾಗಿಲವರೆಗೂ ಒಯ್ದಿತ್ತಂತೆ.

ನಾನು ಬಾಣಂತನಕ್ಕೆ ಬಂದಿದ್ದಾಗ ಮಗು ನೋಡಲು ಓಡಿಬಂದರು. ಅಮ್ಮ ತೊಟ್ಟಿಲಿಗೆ ಅಡ್ಡ ನಿಂತರು.

“ಜೀವ ಇರೋ ರೋಗ ಮುಟ್ಬುಟ್ಟು ಬತ್ತೀಯ ಕಣಮ್ಮ. ಕೂಸಿನ ತಾವ ಬರ್ಬ್ಯಾಡ.”

ಅಕ್ಕನ ಮುಖ ಚಿಕ್ಕದಾಯಿತು. ಆದರೂ ಮುನಿಸಿಕೊಳ್ಳಲಿಲ್ಲ. ಸಂಜೆ ಹೊತ್ತು ಹೊಸ್ತಿಲಾಚೆ ಕೂತು ನನ್ನ ಮಗಳಿಗಾಗಿ ಬಗೆಬಗೆಯ ಹಕ್ಕಿಗಳಂತೆ ಕೂಗುವರು. ಅವಳು ಕತ್ತು ಹೊರಳಿಸಿ ಹುಡುಕುವಳು...

ಒಂದು ಸಂಜೆ ಅಕ್ಕ ಕೈತುಂಬ ಮದ್ದೂರು ವಡೆ ಹಿಡಿದು ಬಂದು ಬೀದಿಗೆಲ್ಲ ಹಂಚಿದರು.

“ಯಾರ್ಗಮ್ಮ ಮದ್ವೆ?” ಎಂದರು ಅಪ್ಪ.

“ಇಲಿ ಪಾಸಾದೊ ಕಣ್ ಮಾವ! ನಿಜವಾದ ರೋಗಾನೇ ಕೊಟ್ರೂ ಶ್ವಾಸಕೋಶ ಚೊಕ್ಕವಾಗೇ ಅವೆ. ಇನ್ಮ್ಯಾಕೆ ಅದೇ ಬ್ಯಾಕ್ಟೀರಿಯಾದ ಮೇಲೆ ಇನ್ನೊಂದು ರೋಗದ ಚೂರು ಹೊರ್ಸಿ ಕಳಿಸ್ತೀವಿ. ಆಗ ಒಂದೇ ಲಸಿಕೇಲಿ ಎರಡಕ್ಕೂ ತಡೆ.”

“ಅಂಗಾರೆ ಒಂದೇ ಬಸ್ಸಿಗೆ ಇಬ್ರುನೂ ಅತ್ತುಸ್ತೀಯ ಅನ್ನು!” ಎಂದರು ಅಪ್ಪ.

ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. “ಅದ್ನ ಮನೆಗೆ ಒತ್ಕಂಡು ಬರಾಕಿಲ್ವಾ ನೀನು?”

“ಇಲ್ಲ ಅತ್ತೆ. ಗೌನು, ಗ್ಲೌಸು ಎಲ್ಲಾ ಅಲ್ಲೇ ಬಿಚ್ಚಿಟ್ಟು ಕೈ ತೊಳ್ಕಂಡು ಬತ್ತೀನಿ. ಮನೆಗೆ ನಾನೊಬ್ಳೇ ಬರೋದು.”

ಅಮ್ಮ ಒಳಗೆ ಹೋಗಿ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದರು. ಅವಳು ಆಗಲೇ ಸೀರೆ ಒದ್ದೆ ಮಾಡಿದಳು. ಅಕ್ಕ ಏಳಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತಾ ನಗುತ್ತಾ ಕತ್ತಲಾಗುವವರೆಗೂ ಕೂತಿದ್ದರು...

ಬೇರೆ ಯಾವುದೋ ಕಾಯಿಲೆಯಾಗಿ ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅವರ ಕೆಲಸವನ್ನು ಜೊತೆಗಾರರು ಮುಂದುವರಿಸಿದ್ದಾರಂತೆ. ಲಸಿಕೆ ಇನ್ನೂ ಇಲಿಗಳನ್ನು ದಾಟಿಲ್ಲ.

ಮೊನ್ನೆ ನಾನು ತವರು ತಲುಪಿದಾಗ ಅಮ್ಮ ಪಕ್ಕದ ಮನೆಯ ಬಾಣಂತಿಗೆ ಹೇಳುತ್ತಿದ್ದರು: “ಈಗ ಸೂಜಿ ಆಕ್ಸವ್ವ, ತಪ್ಪುಸ್ಬ್ಯಾಡ. ಮುಂದ್ಕೆ ಮೂಗಿಗೆ ಬುಡೋದು ಬತ್ತದೆ. ನಮ್ಮ ಎದುರುಮನೆ ಹುಡ್ಗಿ ಮಾಡ್ತಾವ್ಳೆ.”

ನಾನು ತಿದ್ದಲಿಲ್ಲ.