ಎರೆಯುವ ಕೈಗೆ ಹುಟ್ಟಿದ ಭಯ

ಮಗಳು ಬಸುರಿ ಎಂದು ಬಳ್ಳಾರಿಯಿಂದ ಫೋನು ಬಂದ ದಿನ ದೇವರಿಗೆ ದೀಪ ಹಚ್ಚಿದೆ, ಓಣಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಮಣೆಯ ಮೇಲೆ ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ನನ್ನದೇ ಅಂಗೈಯನ್ನು ಮೆಲ್ಲಗೆ ಇಟ್ಟು ನೋಡಿದೆ. ಕಾದ ಹೆಂಚು ತಾಗಿದ ಹಾಗಾಯಿತು. ಬರೀ ಕೈ ಇಟ್ಟರೆ ಹೀಗೆ, ಇನ್ನು ಕೂಸು ಮಲಗಿದರೆ? ಅವತ್ತು ಹೊಟ್ಟೆಯೊಳಗೆ ಹೊಕ್ಕ ಭಯ ಕೂಸಿನ ಜೊತೆಗೇ ಬೆಳೆಯಿತು.

ನಮ್ಮ ಕಡೆ ಎಳೆಗೂಸಿಗೆ ಎರೆಯುವುದು ಕಾಲ ಮೇಲೆ. ಎರಡೂ ಕಾಲು ಜೋಡಿಸಿ ನೀಡಿಕೊಂಡು, ಕೂಸನ್ನು ಅದರ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯಬೇಕು. ಎಣ್ಣೆಗೂಸು ಅಂದರೆ ಮೀನಿದ್ದ ಹಾಗೆ. ಕೊಂಡ್ಲಹಳ್ಳಿಯ ನಮ್ಮಜ್ಜಿ ಇದನ್ನು ಕಲಿಸುವಾಗ, "ಎಡಗೈ ಕೂಸಿನ ತಾಯಿ, ಬಲಗೈ ಸೂಲಗಿತ್ತಿ. ಸೂಲಗಿತ್ತಿ ಅವಸರ ಮಾಡಬಾರ್ದು, ತಾಯಿ ಕೈ ಬಿಡಬಾರ್ದು" ಅನ್ನುತ್ತಿದ್ದಳು. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಮೇಲೆ ನಮ್ಮ ಓಣಿಯ ಎಷ್ಟೋ ಕೂಸುಗಳು ನನ್ನ ಕಾಲ ಮೇಲೆ ಮಿಂದವು. ಅತ್ತು ಹೋದದ್ದು ಕಡಿಮೆ, ನಿದ್ದೆ ಹೋದದ್ದೇ ಜಾಸ್ತಿ. ಹಾಗಾಗಿ ಮಗಳು ಫೋನಿನಲ್ಲೇ ಕರಾರು ಮಾಡಿದ್ದಳು: "ಅವ್ವ, ಎರೆಯೋದು ನೀನೇ. ಕೂಲಿಯವರ ಕೈಗೆ ನನ್ನ ಕೂಸು ಕೊಡಲ್ಲ ನಾನು."

ಅವಳಿಗೆ ನನ್ನ ಕಾಯಿಲೆ ಗೊತ್ತಿರಲಿಲ್ಲ. ಸೊಂಟ ನೋವು, ವಯಸ್ಸು ಎಂದಷ್ಟೇ ಹೇಳಿದ್ದೆ. ನಿಜ ಏನೆಂದರೆ ಕತ್ತು, ಹೆಗಲು, ಬೆನ್ನು, ತೊಡೆ, ಮೀನಖಂಡ ಎಲ್ಲ ಕಡೆಯೂ ನೋವು. ಒಂದು ದಿನ ಇಲ್ಲಿ ಹೆಚ್ಚು, ಒಂದು ದಿನ ಅಲ್ಲಿ. ಮಲಗಿ ಎದ್ದರೂ ಮಲಗದವಳ ಸುಸ್ತು. ನಮ್ಮದು ರೇಷ್ಮೆ ಸೀರೆಯ ಅಂಗಡಿ. ಅಂಥ ಮನೆಯವಳಾದ ನನಗೆ ಜರಿ ಸೆರಗು ಹೆಗಲಿಗೆ ತಾಗಿದರೆ ಮುಳ್ಳುಕಂಟಿ ಎಳೆದ ಹಾಗೆ. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಕೈಯಿಂದ ತಾನಾಗಿ ಜಾರಿಹೋಯಿತು. ನಾನು ಬಿಡಲಿಲ್ಲ, ಕೈ ಬಿಟ್ಟಿತು. ರಕ್ತ, ಎಕ್ಸ್‌ರೇ, ಸ್ಕ್ಯಾನು ಎಲ್ಲ ಆಯಿತು. ಎಲ್ಲರೂ ಹೇಳಿದ್ದು ಒಂದೇ ಮಾತು, "ಏನೂ ಇಲ್ಲ." ಡಾಕ್ಟರು ಸಮಾಧಾನಕ್ಕೆ ಹೇಳಿದ ಆ ಮಾತನ್ನೇ ನೆಂಟರು ಕೊಂಕಿಗೆ ಹೇಳತೊಡಗಿದರು.

ಕೊನೆಗೆ ಒಬ್ಬ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು: ಫೈಬ್ರೋಮಯಾಲ್ಜಿಯಾ. ನಮ್ಮ ಯಜಮಾನರು, "ಫೈಬರ್ ಬಾಗ್ಲು ಕೇಳೀನಿ, ಫೈಬರ್ ಕಾಯಿಲೆ ಇದೇ ಮೊದ್ಲು ನೋಡು" ಅಂದರು. ಡಾಕ್ಟರು ನಗಲಿಲ್ಲ. ಮಾತ್ರೆಯ ಮೇಲೆ ಮಾತ್ರೆ ನುಂಗುವುದರಿಂದ ಇದು ಹೋಗುವಂಥದ್ದಲ್ಲ, ಚಳ್ಳಕೆರೆಯಲ್ಲಿ ಇಂಥ ನೋವಿನವರನ್ನೆಲ್ಲ ಒಟ್ಟಿಗೆ ಕೂರಿಸಿ ವ್ಯಾಯಾಮ, ಉಸಿರಾಟ, ಮಾತುಕತೆ ಮಾಡಿಸುತ್ತಾರೆ, ವಾರಕ್ಕೊಮ್ಮೆ ಹೋಗಿ ಬನ್ನಿ ಅಂದರು.

ಹೋದೆ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಒಂದು ಉದ್ದನೆಯ ಕೋಣೆ. ಕಿಟಕಿ ತೆರೆದರೆ ಶೇಂಗಾ ಹಿಂಡಿಯ ವಾಸನೆ. ಚಾಪೆಗಳ ಮೇಲೆ ನನ್ನಂಥ ಹೆಂಗಸರು, ಮುಂದೆ ನನ್ನ ಮಗಳ ವಯಸ್ಸಿನ ಫಿಜಿಯೋಥೆರಪಿ ಮೇಡಂ. ರಾಯದುರ್ಗದ ಕಡೆಯಿಂದ ಬರುವ ಒಬ್ಬ ಅಕ್ಕ ನನ್ನ ಪಕ್ಕದ ಚಾಪೆಯವಳು. ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಮೇಡಂ ಕೇಳಿದರೆ ಅವಳು "ಹನ್ನೆರಡಾಣೆ" ಅಂದಳು.

"ಹತ್ತರೊಳಗೆ ಹೇಳ್ಬೇಕು ಅಕ್ಕ."

"ನನ್ನ ನೋವು ಹದಿನಾರಾಣೆ ತನಕ ಹೋಗ್ತೈತೆ ಮೇಡಂ. ಹತ್ತಕ್ಕೆ ಹೆಂಗ್ ನಿಲ್ಲಿಸ್ಲಿ?"

ನಕ್ಕೆವು. ನಕ್ಕರೂ ಪಕ್ಕೆ ನೋಯುತ್ತಿತ್ತು. ಆದರೆ ಅಲ್ಲಿ ಯಾರೂ ನನಗೆ "ಏನೂ ಇಲ್ಲ" ಅನ್ನಲಿಲ್ಲ.

ನಮ್ಮ ನೋವಿನ ನರಗಳು ಸಣ್ಣದ್ದಕ್ಕೂ ದೊಡ್ಡ ಕೂಗು ಹಾಕುತ್ತವೆ, ಅವನ್ನು ಸ್ವಲ್ಪಸ್ವಲ್ಪವಾಗಿ ಪಳಗಿಸಬೇಕು ಎಂದು ಮೇಡಂ ಹೇಳಿಕೊಟ್ಟರು. ಚೆನ್ನಾಗಿರುವ ದಿನ ಮೈಮುರಿದು ದುಡಿದು ಮಾರನೇ ದಿನ ಮಲಗಬಾರದು. ಬೇನೆಯ ದಿನವೂ ಓಣಿಯ ತುದಿಯವರೆಗಾದರೂ ನಡೆಯಬೇಕು. ಒಂದು ವಾರ, ಯಾವ ಕೆಲಸಕ್ಕೆ ಹೆದರುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನು "ಬಸ್ಸು ಹತ್ತೋದು" ಅಂದೆ. ಪಕ್ಕದ ಅಕ್ಕ ಬಾಯಿ ಹಾಕಿದಳು. "ಸುಳ್ಳು. ನನ್ನ ಜೊತೇಲೇ ಹತ್ತಿಳೀತಾಳೆ. ತಳಕು ಊರು ದಾಟೋವರ್ಗೂ ಕೂಸು ಕೂಸು ಅಂತ ಒಬ್ಳೇ ಗೊಣಗ್ತಾಳೆ."

ಬಾಯಿಬಿಟ್ಟು ಹೇಳಲೇಬೇಕಾಯಿತು.

ಮೇಡಂ ಕಾಲು ನೀಡಿ ಕೂರಿಸಿದರು. ಮೊದಲ ವಾರ ಕಾಲ ಮೇಲೆ ಬರೀ ಮಡಿಸಿದ ಟವೆಲ್ಲು. ಅದಕ್ಕೇ ಕಣ್ಣಲ್ಲಿ ನೀರು ಬಂತು. ಆಮೇಲೆ ಅಕ್ಕನ ಕೈಚೀಲದಿಂದ ಶೇಂಗಾ ಬೀಜದ ಪೊಟ್ಟಣ ಬಂತು. ಟವೆಲ್ಲಿಗೆ ಸುತ್ತಿ, ವಾರವಾರಕ್ಕೂ ಒಂದೆರಡು ಹಿಡಿ ಹೆಚ್ಚಿಸುತ್ತ ಹೋದೆವು. ನೋವು ಹೋಯಿತೆಂದು ಹೇಳಲಾರೆ. ನೋವು ಬಂದಾಗ ಉಸಿರು ಹಿಡಿಯುವುದನ್ನು ಬಿಟ್ಟೆ, ಅಷ್ಟೇ. ಆದರೂ ಅದು ದೊಡ್ಡದೇ ಅನಿಸಿ, ಮಗಳಿಗೆ ಏನೂ ಹೇಳುವುದೇ ಬೇಡ ಎಂದುಕೊಂಡೆ.

ಶೇಂಗಾ ಪೊಟ್ಟಣ ಕೂಸಿನಷ್ಟೇ ಭಾರವಾದ ವಾರ ಅದು ನಡೆಯಿತು. ಎಡಗೈಯಲ್ಲಿ ಆನಿಸಿ, ಬಲಗೈಯಲ್ಲಿ ತಿಕ್ಕುವ ಹಾಗೆ ಮಾಡುತ್ತಿದ್ದೆ. ಮೀನಖಂಡದಿಂದ ಎದ್ದ ನೋವು ಸೀಳಿಕೊಂಡು ಹೆಗಲಿಗೇರಿತು. ಎಡಗೈ ಬಿಟ್ಟಿತು. ಪೊಟ್ಟಣ ಜಾರಿ, ಗಂಟು ಬಿಚ್ಚಿ, ಬೀಜವೆಲ್ಲ ಕೋಣೆಯ ಮೂಲೆಮೂಲೆಗೆ ಉರುಳಿತು. ಹೆಂಗಸರು ನಗುತ್ತ ಆಯತೊಡಗಿದರು. ನನಗೆ ಕಂಡದ್ದು ಶೇಂಗಾ ಅಲ್ಲ.

ಮೇಡಂ ಪಕ್ಕ ಕೂತು, "ನೋವು ಅಂದ್ರೆ ಗಾಯ ಅಲ್ಲ ಅಮ್ಮ. ನಿಮ್ಮ ಕಾಲಿಗೆ ಏನೂ ಆಗಿಲ್ಲ" ಅಂದರು.

"ನನ್ನ ನೋವು ಗಾಯ ಅಲ್ಲ, ಒಪ್ಪಿದೆ. ಕೂಸು ಬಿದ್ರೆ ಅದು ಗಾಯ ಅಲ್ವೇನವ್ವ?"

ಆ ಹುಡುಗಿ ಟವೆಲ್ಲು ಮಡಿಸಿಟ್ಟಳು. ಆಮೇಲೆ ಕೇಳಿದಳು, "ಒಬ್ಬರೇ ಎರೀಬೇಕು ಅಂತ ಯಾರು ಹೇಳಿದ್ರು? ಮಗಳಿಗೆ ಹೇಳಿದೀರಾ?"

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನನ್ನ ಮುಖ ನೋಡದೆ ಕಿಟಕಿಯತ್ತಲೇ ತಿರುಗಿ ಹೇಳಿದಳು. "ಚೆಪ್ಪೇಯ್ ಅಕ್ಕ, ಹೇಳಿಬಿಡು. ನೋವು ಮುಚ್ಚಿಡಬೌದು. ಕೂಸು ಬಿದ್ದದ್ದನ್ನ ಮುಚ್ಚಿಡಾಕೆ ಆಗ್ತೈತಾ?"

ಹೇಳಲಿಲ್ಲ. ಮಗಳು ಬಂದಳು, ಹೆತ್ತಳು, ಹೆಣ್ಣು ಕೂಸು. ಹೊಕ್ಕಳ ಬಳ್ಳಿ ಬಿದ್ದ ಮೇಲೆ ಎರೆಯುವ ದಿನವೂ ಬಂತು. ಹಂಡೆ ಕಾದಿತ್ತು. ಮಣೆ ಹಾಕಿ, ಸೀರೆ ಮೇಲೆತ್ತಿ, ಕಾಲು ನೀಡಿ ಕೂತೆ. ಮಗಳು ಬಾಗಿ ಕೂಸನ್ನು ಚಾಚಿದಳು. ನನ್ನ ಕೈ ಏಳಲಿಲ್ಲ.

"ತಗಳವ್ವ."

"ತಡಿ ಮಗಳೇ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಎಲ್ಲ ಹೇಳಿದೆ. ಹಾಲಿನ ಪಾತ್ರೆ, ಚಳ್ಳಕೆರೆಯ ಚಾಪೆ, ಉರುಳಿದ ಶೇಂಗಾ. ಹೇಳುತ್ತಿರುವಾಗಲೇ ಅವಳು ಕೂಸನ್ನು ತಿರುಗಿ ಎದೆಗೆ ಒತ್ತಿಕೊಂಡಳು. ನಾನು ಇಷ್ಟು ತಿಂಗಳು ಹೆದರಿದ್ದು ಆ ಒಂದು ಚಲನೆಗೇ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿದ್ದ ಭಯವೇ ಇತ್ತು.

"ಯಾಕವ್ವ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಾಣಂತನಕ್ಕೆ ಬರ್ತಿದ್ಯಾ?"

ಅವಳು ಹೊರಗೆ ತಿರುಗಿ, "ಅಪ್ಪಾ, ಬಾ ಇಲ್ಲಿ" ಎಂದು ಕೂಗಿದಳು. ಬಾಣಂತಿಯ ಬಚ್ಚಲಿಗೆ ಯಾವತ್ತೂ ಕಾಲಿಡದ ಯಜಮಾನರು ಪಂಚೆ ಎತ್ತಿ ಕಟ್ಟಿ ಬಂದು ನಿಂತರು. ಅವರ ಕೈಗೆ ಚೊಂಬು ಕೊಟ್ಟಳು. ತಾನು ಸ್ಟೂಲು ಎಳೆದುಕೊಂಡು ನನ್ನ ಕಾಲ ಪಕ್ಕಕ್ಕೇ ಕೂತು, ಕೂಸನ್ನು ಮೆಲ್ಲಗೆ ನನ್ನ ಕಾಲ ಮೇಲೆ ಇಳಿಸಿದಳು. ಇಳಿಸಿದ ಮೇಲೂ ತನ್ನ ಕೈ ತೆಗೆಯಲಿಲ್ಲ.

"ನೆತ್ತಿಗೆ ಹುಯ್ಯಬ್ಯಾಡ್ರಿ, ಎದೆಗೆ ಹುಯ್ರಿ. ಸಣ್ಣಕೆ."

"ಸೀರೆ ಮಾರೋನ್ನ ತಂದು ಯಾವ ಕೆಲಸಕ್ಕೆ ಹಚ್ಚಿದ್ರೇ ನೀವು" ಎನ್ನುತ್ತ ಅವರು ಸಣ್ಣ ಧಾರೆ ಬಿಟ್ಟರು.

ನೀರು ತಾಗಿದ್ದೇ ಕೂಸು ಕಾಲು ಜಾಡಿಸಿತು. ಆ ಪುಟ್ಟ ಹಿಮ್ಮಡಿ ಬಿದ್ದದ್ದು ನೋವಿರುವ ಜಾಗಕ್ಕೇ. ಕಣ್ಣು ಕತ್ತಲಿಟ್ಟಿತು. ಎಡಗೈ ಬಿಡುತ್ತದೆ, ಈಗ ಬಿಡುತ್ತದೆ ಅನಿಸಿತು. "ನೋವು ಬಂತು" ಎಂದು ಗಟ್ಟಿಯಾಗಿ ಹೇಳಿದೆ. ಮಗಳು ಇನ್ನಷ್ಟು ಬಿಗಿಯಾಗಿ ಹಿಡಿದಳು, ಅವರು ಚೊಂಬು ತಡೆದರು. ಮೂವರೂ ಹಾಗೇ ಇದ್ದೆವು. ನೋವು ಏರಿತು, ನಿಂತಿತು, ಸ್ವಲ್ಪ ಇಳಿಯಿತು. "ಹುಯ್ರಿ" ಅಂದೆ.

ಮಗಳು ಕೂಸನ್ನು ಸುತ್ತಿಕೊಂಡು ಹೋದ ಮೇಲೂ ನನಗೆ ಏಳಲಾಗಲಿಲ್ಲ. ಕಾಲು ನೀಡಿಕೊಂಡು ಒದ್ದೆ ನೆಲದಲ್ಲೇ ಕೂತಿದ್ದೆ. ಯಜಮಾನರು ಖಾಲಿ ಚೊಂಬು ಹಿಡಿದು ನಿಂತೇ ಇದ್ದರು.

"ಎಬ್ಬಿಸ್ಲಾ?"

"ಈಗ ಮುಟ್ಟಬ್ಯಾಡ್ರಿ. ಸುಮ್ನೆ ಇಲ್ಲೇ ನಿಂತಿರ್ರಿ."

ಅವರು ನಿಂತರು.