ಗಂಧದ ಬೊಟ್ಟಿಟ್ಟ ಡಿಸ್ಕು

ಆಯುಧಪೂಜೆಗೆ ಒಂದು ವಾರವಿದ್ದಾಗ ನೆರಿಯದಿಂದ ಒಬ್ಬಾಕೆ ಬೆಳ್ತಂಗಡಿಯ ನನ್ನ ಸ್ಟುಡಿಯೋಕ್ಕೆ ಬಂದಳು. ಕೆಲವು ವರ್ಷಗಳ ಹಿಂದೆ ಅವಳ ಮದುವೆಯ ವಿಡಿಯೋ ತೆಗೆದವನು ನಾನೇ. ಹೆಣ್ಣು ಒಪ್ಪಿಸಿಕೊಡುವಾಗ ಅವಳ ಅಪ್ಪ ಅವಳ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ್ದರು. ನಾವೋ, ಎಲ್ಲ ಸ್ಟುಡಿಯೋದವರ ಹಾಗೆ, ಸರಿಯಾಗಿ ಅಲ್ಲಿಗೇ ಒಂದು ಅಳುವ ಸಿನಿಮಾ ಹಾಡು ಹಾಕಿ ಕೊಟ್ಟಿದ್ದೆವು. ತಿಂಗಳೊಳಗೆ ಅಪ್ಪ ತೀರಿಹೋದರು.

"ಹಾಡು ಹಾಕದ್ದು ನಿಮ್ಮಲ್ಲಿ ಉಂಟಲ್ವಾ ಅಣ್ಣ? ನಾನು ಅಳ್ತಾ ಇದ್ದೆ. ಅಪ್ಪ ಏನು ಹೇಳಿದ್ರು ಅಂತ ನನಗೆ ಕೇಳ್ಲೇ ಇಲ್ಲ."

"ಉಂಟು, ಉಂಟು. ಪೂಜೆ ಕಳೀಲಿ, ಕೊಡ್ತೇನೆ," ಎಂದೆ. ಅವತ್ತೇ ಹುಡುಕಿ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೂರು ಹಾರ್ಡ್‌ಡಿಸ್ಕುಗಳನ್ನು ಜೋಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವ ಪೆಟ್ಟಿಗೆಯೊಂದನ್ನು ಆಗಷ್ಟೇ ತಂದಿದ್ದೆ. ಹೊಸ ಮೂರರ ಮೇಲೆ ಒಂದು, ಎರಡು, ಮೂರು ಎಂದೂ, ಅವಳದೂ ಸೇರಿ ಮದುವೆಗಳ ಮೂಲ ವಿಡಿಯೋಗಳೆಲ್ಲ ಇದ್ದ ಹಳೆಯದೊಂದರ ಮೇಲೆ 'ಮದುವೆ' ಎಂದೂ ಮಾರ್ಕರಿನಲ್ಲಿ ಬರೆದಿದ್ದೆ. ನಾಲ್ಕೂ ಒಂದೇ ಕಂಪನಿಯವು, ಒಂದೇ ಗಾತ್ರದವು. ಪೂಜೆಯ ದಿನ ಕ್ಯಾಮೆರಾಗಳ ಜೊತೆ ಅವನ್ನೂ ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿ, ಗಂಧ ಕುಂಕುಮ ಹಚ್ಚಿ, ಹೂವಿಟ್ಟು ಸಾಲಾಗಿ ಇರಿಸಿದೆ. ಮಾರ್ಕರಿನಲ್ಲಿ ಬರೆದದ್ದೆಲ್ಲ ಅಳಿಸಿ ಬಟ್ಟೆಗೆ ಬಂದಿತ್ತು. ಇಟ್ಟ ಸಾಲು ನೆನಪಿದೆಯಲ್ಲ ಎಂಬ ಧೈರ್ಯ ನನ್ನದು.

ಮರುದಿನ ಮೂರನ್ನು ಪೆಟ್ಟಿಗೆಗೆ ಹಾಕಿ ಪಾರ್ಟಿಷನ್ ಮಾಡಲು, ಎಂದರೆ ಒಳಗಿನ ಜಾಗವನ್ನು ಹೊಸದಾಗಿ ಹಂಚಿ ಸಿದ್ಧಮಾಡಲು, ಕುಳಿತೆ. ಒಂದರಲ್ಲಿ ಮೊದಲೇ ಏನೋ ಇದೆ, ಅಳಿಸಬಹುದೇ ಎಂದು ಕಂಪ್ಯೂಟರ್ ಕೇಳಿತು. ಹೊಸದೊಂದಕ್ಕೆ ಪರೀಕ್ಷೆಗೆಂದು ನಾನೇ ನಾಲ್ಕು ಫೋಟೋ ಹಾಕಿದ್ದೆ, ಅದೇ ಇರಬೇಕು ಎಂದುಕೊಂಡೆ.

"ಒಮ್ಮೆ ತೆರೆದು ನೋಡಿ ಮಾರಾಯ್ರೆ," ಎಂದಳು ಹೆಂಡತಿ.

"ನೀನು ಸುಮ್ಮನಿರು ಮಾರಾಯ್ತಿ, ನಾನೇನು ನಿನ್ನೆ ಮೊನ್ನೆ ಈ ಕೆಲಸಕ್ಕೆ ಬಂದವನಾ?" ಎಂದು ರೇಗಿ, ಹೌದು ಎಂದು ಒತ್ತಿದೆ.

ಹೊರಗೆ ಉಳಿದ ಡಿಸ್ಕನ್ನು ಎರಡು ದಿನ ಕಳೆದು ತೆರೆದರೆ ಅದರಲ್ಲಿ ನಾಲ್ಕು ಫೋಟೋ ಮಾತ್ರ ಇದ್ದವು. ಪೆಟ್ಟಿಗೆಗೆ ಹಾಕಿ ಅಳಿಸಿದ್ದು 'ಮದುವೆ' ಡಿಸ್ಕನ್ನು. ಅಷ್ಟರಲ್ಲಿ ಮದುವೆಗಳಿದ್ದ ಜಾಗದಲ್ಲೆಲ್ಲ ಹೊಸ ವಿಡಿಯೋಗಳನ್ನು ತುಂಬಿಸಿಯಾಗಿತ್ತು. ಮಂಗಳೂರಿನ ರಿಪೇರಿಯವನೂ ಕೈಚೆಲ್ಲಿಬಿಟ್ಟ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನೆರಿಯಕ್ಕೇ ಹೋದೆ. ಅವಳು ನೀರು ಬೆಲ್ಲ ತಂದಿಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ಅವಳು ಬೈಯಲಿಲ್ಲ.

"ಅವತ್ತು ನಿಮ್ಮ ಕಿವಿಯಲ್ಲಿ ಹೆಡ್‌ಫೋನ್ ಇತ್ತಲ್ವಾ ಅಣ್ಣ? ಅಪ್ಪನ ಅಂಗಿಗೆ ಮೈಕ್ ಸಿಕ್ಕಿಸಿದ್ದೂ ನೀವೇ. ಒಂದು ಮಾತಾದ್ರೂ ನೆನಪುಂಟಾ?"

ಕೇಳಿದ್ದೆ. ಆ ಮಾತು ಕೇಳಿಸಿಕೊಂಡು ಇನ್ನೂ ಬದುಕಿರುವವನು ನಾನೊಬ್ಬನೇ, ಆದರೆ ಒಂದಕ್ಷರವೂ ನೆನಪಿರಲಿಲ್ಲ. ಯಾವ ಅಪ್ಪನಾದರೂ ಹೇಳಬಹುದಾದ ಒಂದು ಮಾತನ್ನು ಕಟ್ಟಿ ಹೇಳಿಬಿಡೋಣ ಎಂದುಕೊಂಡೆ. ಆಮೇಲೆ ಬೇಡವೆನಿಸಿತು.

"ಇಲ್ಲಮ್ಮ. ಮೈಕಿನಲ್ಲಿ ಗರಗರ ಬರ್ತದಾ ಅಂತ ಮಾತ್ರ ನೋಡ್ತಾ ಇದ್ದೆ," ಎಂದೆ. "ಬರ್ಲಿಲ್ಲ. ಸ್ವರ ಚೆಂದ ಬಂದಿತ್ತು."